ಲಾಂಡ್ರಿ ಹಿತ್ತಲಿನ ಸೀಳುಮರ

"ಇಬ್ರು ಬರ್ತೀರ ಅಂತ ಯಾರೂ ಹೇಳಿರ್ಲಿಲ್ಲ," ಎಂದಳು ಲಾಂಡ್ರಿಯ ಒಡತಿ. ಗೇಟನ್ನು ಅರ್ಧ ಮಾತ್ರ ತೆಗೆದು, ಉಳಿದರ್ಧಕ್ಕೆ ತನ್ನ ಮೈಯನ್ನೇ ಅಡ್ಡ ಕೊಟ್ಟು ನಿಂತಿದ್ದಳು.

ಹೊರಗೆ, ಆಳನ್ನು ಮರದೆತ್ತರಕ್ಕೆ ಎತ್ತುವ ಬುಟ್ಟಿಯಿದ್ದ ಲಾರಿ ಗುರುಗುಡುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದವನು ಅಣ್ಣ. ಪಕ್ಕದಲ್ಲಿ ದಪ್ಪ ಹಗ್ಗದ ಸುರುಳಿಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತಿದ್ದವನು ತಮ್ಮ. ಬೀಳುವ ಮರಗಳನ್ನು ಬೀಳುವ ಮುಂಚೆಯೇ ಇಳಿಸುವುದು ಇವರ ಕಸುಬು. ಕೆಲಸ ಕೊಡುವವರು ಅಣ್ಣನನ್ನು ಗರಗಸ ಎಂದೂ ತಮ್ಮನನ್ನು ಹಗ್ಗ ಎಂದೂ ಕರೆಯುತ್ತಿದ್ದರು. ಮೇಲೆ ಕೊಯ್ಯುವವನು ಒಬ್ಬ, ಕೊಯ್ದದ್ದನ್ನು ಕೆಳಗೆ ಹಿಡಿದಿಳಿಸುವವನು ಇನ್ನೊಬ್ಬ. ಈ ಊರಿಗೆ ಅವರು ಬಂದದ್ದು ಇದೇ ಮೊದಲು.

"ಒಬ್ಬಳೇ ತಾಯಿ ಮಕ್ಕಳಾ?" ಒಡತಿ ಕೇಳಿದಳು.

"ಮುಖ ನೋಡಿದ್ರೆ ಗೊತ್ತಾಗಲ್ವಾ ಅಮ್ಮ? ಒಂದೇ ಅಚ್ಚು. ಇವನ ಹೊತ್ತಿಗೆ ಅಚ್ಚು ಸ್ವಲ್ಪ ಸವೆದುಹೋಗಿತ್ತು, ಅಷ್ಟೇ." ಗರಗಸ ನಕ್ಕ. ಹಗ್ಗ ಮೊಣಕೈಯಿಂದ ಅವನ ಪಕ್ಕೆಗೆ ತಿವಿದ.

ಅವಳು ನಗಲಿಲ್ಲ. "ಹಾಗಾದ್ರೆ ಒಬ್ರು ಇಲ್ಲಿಂದ್ಲೇ ವಾಪಸ್ ಹೋಗಿ. ಒಡಹುಟ್ಟಿದವರು ಜೊತೆಯಾಗಿ ಆ ಮರಕ್ಕೆ ಕೈ ಹಾಕಬಾರ್ದು. ಅದರೊಳಗೆ ಮಾಟ ಇದೆ."

"ಮಾಟಾನಾ?" ಗರಗಸ ಕಿಟಕಿಯಿಂದ ತಲೆ ಹೊರಹಾಕಿ ಅವಳ ಹಿಂದೆ ಕಾಣುತ್ತಿದ್ದ ಮರವನ್ನು ದಿಟ್ಟಿಸಿದ. "ಅಲ್ಲಿರೋದು ಬಿರುಕು ಕಣಮ್ಮ. ಇನ್ನೊಂದು ಗಾಳಿ ಜೋರಾಗಿ ಬೀಸ್ಲಿ, ಅರ್ಧ ನಿಮ್ಮ ತಲೆ ಮೇಲಿರುತ್ತೆ. ಮಾಟಕ್ಕೆ ಕೆಲಸಾನೇ ಉಳಿಯಲ್ಲ."

ಒಡತಿ ತಿರುಗಿ ಮರದತ್ತ ಒಮ್ಮೆ ನೋಡಿದಳು. ಆಮೇಲೆ ಗೇಟು ಪೂರ್ತಿ ತೆರೆಯಿತು. ಬೇರೆ ದಾರಿಯೂ ಇರಲಿಲ್ಲ ಅವಳಿಗೆ.

ಹಿತ್ತಲಲ್ಲಿ ಸೋಪಿನ ವಾಸನೆ, ಬಿಸಿಬಟ್ಟೆಯ ವಾಸನೆ. ಬಾಯ್ಲರಿನ ಕೊಳವೆಯಿಂದ ಉಸ್ಸೆಂದು ಆವಿ ಹೊರಬೀಳುತ್ತಿತ್ತು. ಕಬ್ಬಿಣದ ಕಂಬಗಳ ನಡುವೆ ಎಳೆದ ತಂತಿಗಳ ಮೇಲೆ ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳ ನಡುವಿನಿಂದ ಮರ ಎದ್ದು ನಿಂತಿತ್ತು. ಬುಡ ಒಂದೇ. ಆಳೆತ್ತರಕ್ಕೆ ಬಂದ ಮೇಲೆ ಅದು ಎರಡು ಕವಲಾಗಿ, ಎರಡೂ ಒಂದಕ್ಕೊಂದು ಮುಖ ತಿರುಗಿಸಿಕೊಂಡಂತೆ ಹೊರಕ್ಕೆ ವಾಲಿದ್ದವು. ಒಂದು ಕವಲು ಇಸ್ತ್ರಿ ಮನೆಯ ಮಾಡಿನ ಮೇಲೆ. ಇನ್ನೊಂದು, ಹಿತ್ತಲನ್ನು ಸರಿಯಾಗಿ ಎರಡು ಪಾಲು ಮಾಡಿದ್ದ ಎತ್ತರದ ಗೋಡೆಯನ್ನು ದಾಟಿ, ಆಚೆ ಮನೆಯ ಅಡುಗೆಕೋಣೆಯ ಮೇಲೆ. ಎರಡರ ಸಂದಿಯಿಂದ ಕೆಳಗಿಳಿದ ಸೀಳು ಸೊಂಟದ ಮಟ್ಟಕ್ಕೆ ಬಂದಿತ್ತು. ಗಾಳಿ ಬೀಸಿದಾಗೆಲ್ಲ ಅದು ಕೂದಲೆಳೆಯಷ್ಟು ತೆರೆದು ಮುಚ್ಚುತ್ತಿತ್ತು.

"ಉಸಿರಾಡ್ತಾ ಇದೆ," ಎಂದ ಹಗ್ಗ.

"ಉಸಿರಾಡ್ತಾ ಇಲ್ಲ, ಹರೀತಾ ಇದೆ," ಎಂದ ಗರಗಸ.

ಆಚೆ ಮನೆ ಯಾರದು ಎಂದು ಕೇಳಿದಾಗ ಒಡತಿ ಗೋಡೆಯ ಕಡೆ ನೋಡಲೂ ಇಲ್ಲ. ಇಸ್ತ್ರಿ ಮಾಡುವ ಹೆಂಗಸರು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಗೋಡೆಯಾಚೆ ಇದ್ದವಳು ಚಿಕ್ಕಮ್ಮ, ಅವಳ ಸ್ವಂತ ತಂಗಿ. ಲಾಂಡ್ರಿಯನ್ನು ಅಕ್ಕತಂಗಿಯರಿಬ್ಬರೂ ಸೇರಿಯೇ ಕಟ್ಟಿದ್ದು ಎಂದು ದೊಡ್ಡಮ್ಮನೇ ಹೇಳತೊಡಗಿದಳು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು. ಲಾಂಡ್ರಿ ತನಗೆ ದಕ್ಕಲಿ ಎಂದು ಅವರ ಚಿಕ್ಕಪ್ಪ ಮಾಟಗಾರನನ್ನು ಹಿಡಿದ. ಇಬ್ಬರ ಸೀರೆಯ ಚೂರು, ಇಬ್ಬರ ತಲೆಗೂದಲು ತೆಗೆದು ಎರಡು ಬೊಂಬೆ ಮಾಡಿಸಿ, ಆಗಿನ್ನೂ ಎಳೆಯದಾಗಿದ್ದ ಮರದ ಪೊಟರೆಯಲ್ಲಿಟ್ಟು ಬೆಣೆ ಹೊಡೆಸಿದ. ಅಕ್ಕತಂಗಿ ಹಗೆಗಳಾಗಿ ನಡುವೆ ಗೋಡೆ ಎದ್ದಿತು. ಸಾಯುವ ಮುಂಚೆ ಅವನೇ ಬಾಯಿಬಿಟ್ಟಿದ್ದ.

"ಆಗ್ಲೇ ತೆಗೆಸಿಹಾಕಬೇಕಿತ್ತು," ಎಂದ ಹಗ್ಗ.

"ಅಷ್ಟು ಹೊತ್ತಿಗೆ ಮರ ಅದನ್ನ ನುಂಗಿತ್ತು. ತೆಗೆಯೋಕೆ ಧೈರ್ಯ ಯಾರಿಗಿದೆ? ಬೊಂಬೆ ಎತ್ತಿ ‘ಇದು ನಾನು’ ಅಂತ ಯಾರು ಹೇಳ್ತಾರೋ ಮಾಟ ಅವರ ಮೈಗೆ ಹತ್ತುತ್ತೆ ಅಂತ ಹೇಳಿಯೇ ಸತ್ತ ಅವನು."

"ವಿಷಯ ಗೊತ್ತಾಯ್ತಲ್ಲ, ಇನ್ನಾದ್ರೂ ಅಕ್ಕತಂಗಿ ಮಾತಾಡಬಹುದಲ್ವಾ?" ಗರಗಸನ ದನಿಯಲ್ಲಿ ತಮಾಷೆ ಇನ್ನೂ ಇತ್ತು.

ದೊಡ್ಡಮ್ಮ ಅವನತ್ತ ತಿರುಗಿದಳು. "ಗೊತ್ತಾದ್ರೆ ಹೋಗ್ಬಿಡುತ್ತೆ ಅಂದ್ಕೊಂಡ್ಯಾ? ಅವಳ ತಪ್ಪಿಲ್ಲ ಅಂತ ನಂಗೆ ಗೊತ್ತು. ಆದ್ರೂ ಅವಳು ಆ ಕಡೆ ಕೆಮ್ಮಿದ್ರೆ, ಇಲ್ಲಿ ನನ್ನ ಕೈ ತಾನಾಗೇ ಇಸ್ತ್ರಿಪೆಟ್ಟಿಗೆ ಹುಡುಕುತ್ತೆ. ಕಾದಿರೋ ಇಸ್ತ್ರಿಪೆಟ್ಟಿಗೆ."

ಹಗ್ಗ ಅಣ್ಣನ ಮುಖ ನೋಡಿದ. ಗರಗಸ ಕೈಗವಸು ಹಾಕಿಕೊಳ್ಳುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನು ಹುಡುಗಾಟದವನಲ್ಲ. ಸೀಳಿದ ಮರವನ್ನು ಹತ್ತುವ ಹಾಗೇ ಇಲ್ಲ, ಬುಡಕ್ಕೆ ಗರಗಸ ಹಾಕುವ ಹಾಗೂ ಇಲ್ಲ. ಹಾಕಿದರೆ ಕಾಂಡ ನಡುವೆ ಹರಿದು ಕೊಯ್ಯುವವನ ಎದೆಗೇ ಚಿಮ್ಮುತ್ತದೆ. ಮೊದಲು ಎರಡೂ ಕಡೆ ಜನ ಖಾಲಿಯಾಗಬೇಕು. ಆಮೇಲೆ ಕವಲುಗಳು ಬೇರೆಯಾಗದಂತೆ ಸರಪಳಿ ಸುತ್ತಿ, ಸನ್ನೆಕೋಲು ಹಾಕಿ ಬಿಗಿಯಬೇಕು. ಅದಾದ ಮೇಲೆ ಬುಟ್ಟಿಯಲ್ಲಿ ನಿಂತು, ತುದಿಯಿಂದ ತುಂಡುತುಂಡಾಗಿ, ಒಮ್ಮೆ ಈ ಕವಲಿಂದ, ಒಮ್ಮೆ ಆ ಕವಲಿಂದ ಭಾರ ಇಳಿಸುತ್ತ ಬರಬೇಕು. ಒಂದೇ ಕಡೆ ಹಗುರ ಮಾಡಿದರೆ ಇನ್ನೊಂದು ಕಡೆಯ ತೂಕವೇ ಮರವನ್ನು ಹರಿದುಹಾಕುತ್ತದೆ. ಇದನ್ನು ಅವನು ತಮ್ಮನಿಗೆ ಕಲಿಸಿದ್ದ, ಎಷ್ಟೋ ಮರಗಳ ಕೆಳಗೆ, ಕೆಲವೊಮ್ಮೆ ಕಿವಿ ಹಿಂಡಿ.

ಇಸ್ತ್ರಿ ಹೆಂಗಸರನ್ನು ಬೀದಿಗೆ ಕಳಿಸಲು ದೊಡ್ಡಮ್ಮ ಗೊಣಗಿದಳು, ಆಮೇಲೆ ಕಳಿಸಿದಳು. ಚಿಕ್ಕಮ್ಮನನ್ನು ಹಗ್ಗ ಹೋಗಿ ಕರೆತಂದ. ಅವಳು ಸಣ್ಣಗಿನ ಹೆಂಗಸು. ಅಕ್ಕ ಬೀದಿಯ ಈ ತುದಿಯಲ್ಲಿ ನಿಂತಿರುವುದನ್ನು ಕಂಡೊಡನೆ ಆ ತುದಿಗೆ ಹೋಗಿ ಬೆನ್ನು ಹಾಕಿ ನಿಂತಳು.

ಆಕಾಶ ಮುಚ್ಚಿಕೊಂಡಿತ್ತು. ಹಗಲೇ ಮಸಿ ಬಳಿದುಕೊಂಡಂತೆ ಹಿತ್ತಲು ಕಪ್ಪಿಟ್ಟಿತ್ತು. ಅಣ್ಣತಮ್ಮಂದಿರು ಕಾಂಡಕ್ಕೆ ಸರಪಳಿ ಸುತ್ತಿದರು. ಹಗ್ಗ ಸನ್ನೆಕೋಲನ್ನು ಒತ್ತಿದಾಗ ಕೊಂಡಿಗಳು ತೊಗಟೆಯನ್ನು ಕಚ್ಚಿದವು. ಸೀಳು ಕಿರ್ರೆಂದು ಬಿಗಿಯಿತು. ಒಳಗಿನಿಂದ ಏನೋ ಕಪ್ಪಗೆ ಒಸರಿ ತೊಗಟೆಯ ಮೇಲೆ ಇಳಿಯಿತು. ಅದರ ಹಿಂದೆಯೇ ವಾಸನೆ ಬಂತು: ಸುಟ್ಟ ಕೂದಲು, ಕಮಟು ಎಣ್ಣೆ, ಎಷ್ಟೋ ಕಾಲ ಒದ್ದೆಯಲ್ಲೇ ಮಡಿಸಿಟ್ಟ ಬಟ್ಟೆ. ಸೀಳಿನ ಅಂಚಿನಲ್ಲಿ ಚಿಂದಿಯೊಂದು ನಾಲಗೆಯಂತೆ ಹೊರಗಿಣುಕಿತು.

"ಬಿಡಣ್ಣ," ಎಂದ ಹಗ್ಗ. "ಮರದ ಜೊತೇಲೇ ಸುಟ್ಟುಹಾಕ್ಲಿ."

"ಗರಗಸಕ್ಕೆ ಮೊಳೆ ಗಿಳೆ ಸಿಕ್ಕಿದ್ರೆ ಚೈನ್ ಹರಿದು ನನ್ನ ಮುಖಕ್ಕೆ ಬರುತ್ತೆ. ನೋಡ್ಲೇಬೇಕು." ಗರಗಸ ಇಕ್ಕಳ ಹಾಕಿ ಎಳೆದ. ಮರ ಅದನ್ನು ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಹಲ್ಲು ಕಿತ್ತ ಹಾಗೆ ಕಿತ್ತು ಬಂತು.

ಅಂಗೈ ಉದ್ದದ ಎರಡು ಬಟ್ಟೆಬೊಂಬೆಗಳು. ಬೆನ್ನಿಗೆ ಬೆನ್ನು ಹಚ್ಚಿ, ಕೂದಲ ಹುರಿಯಿಂದ ಸುತ್ತಿ, ನಡುವೆ ತುಕ್ಕು ಹಿಡಿದ ಮೊಳೆ ತೂರಿಸಲಾಗಿತ್ತು. ಅಷ್ಟು ವರ್ಷ ಮರದ ಹೊಟ್ಟೆಯಲ್ಲಿದ್ದರೂ ಅವು ಬೆಚ್ಚಗಿದ್ದವು.

ಬೀದಿಯಿಂದ ದೊಡ್ಡಮ್ಮನ ಕೂಗು ಕೇಳಿತು. "ಮುಟ್ಟಬೇಡ! ಅಲ್ಲೇ ಬಿಸಾಕು!"

ಗರಗಸನಿಗೆ ತಮ್ಮನ ಬಿಳಿಚಿದ ಮುಖ ನೋಡಿ ನಗು ಉಕ್ಕಿತು. ಚಾಕು ತೆಗೆದು ಹುರಿಯನ್ನು ಕೊಯ್ದ. ಮೊಳೆ ಕಿತ್ತ. ಒಂದು ಬೊಂಬೆಯನ್ನು ಹಗ್ಗನ ಅಂಗಿಜೇಬಿಗೆ ತುರುಕಿ, ಇನ್ನೊಂದನ್ನು ಗಾಳಿಯಲ್ಲಿ ಕುಣಿಸಿದ.

"ತಗೋ. ಅದು ನೀನು. ಇದು ನಾನು. ಈಗ ಕೆಲಸ ಶುರು ಮಾಡೋಣ್ವಾ?"

ತನ್ನದನ್ನು ಎದೆಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡ. ಹಗ್ಗ ನಗಲು ನೋಡಿದ. ಆಗಲಿಲ್ಲ.

ಮೊದಮೊದಲು ಕೆಲಸ ಎಂದಿನಂತೆಯೇ ಸಾಗಿತು. ಬುಟ್ಟಿ ಮೇಲೇರಿತು. ಗರಗಸ ಮರದ ಗೆಲ್ಲಿಗೆ ಹಗ್ಗದ ತುದಿ ಬಿಗಿದು "ಹೂಂ" ಎಂದರೆ, ಕೆಳಗೆ ಕಬ್ಬಿಣದ ಕಂಬಕ್ಕೆ ಹಗ್ಗ ಸುತ್ತಿ ಹಿಡಿದಿದ್ದ ತಮ್ಮ "ಹೂಂ" ಎನ್ನುತ್ತಿದ್ದ. ಯಂತ್ರ ಅರಚುತ್ತಿತ್ತು, ಮರದ ಹುಡಿ ಮಂಜಿನಂತೆ ಉದುರುತ್ತಿತ್ತು, ಕೊಯ್ದ ಗೆಲ್ಲು ತೂಗುತ್ತ ಮೆಲ್ಲಗೆ ನೆಲ ಮುಟ್ಟುತ್ತಿತ್ತು.

ಆಮೇಲೊಮ್ಮೆ ಯಂತ್ರ ನಿಲ್ಲಿಸಿದಾಗ ಅವನಿಗೆ ಪಿಸುಮಾತು ಕೇಳಿಸಿತು. ಕಾಂಡದ ಒಳಗಿಂದ. ಕೆಳಗೆ ನೋಡಿದ. ಹಗ್ಗನ ತುಟಿ ಅಲುಗುತ್ತಿತ್ತು.

"ಏನಂದೆ?"

"ನಾನೇನೂ ಅನ್ಲಿಲ್ಲ. ನೀನೇ ಏನೋ ಅಂದೆ."

ಸುಳ್ಳು, ಎನಿಸಿತು ಗರಗಸನಿಗೆ. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ. ಅವನು ಮೇಲಿನಿಂದ ತಮ್ಮನ ನೆತ್ತಿಯನ್ನು ನೋಡಿದ. ಕೂದಲು ತೆಳುವಾಗುತ್ತಿದ್ದ ನೆತ್ತಿ. ಬೆಳಿಗ್ಗೆಯಷ್ಟೇ ಅದನ್ನು ತಟ್ಟಿ ಲಾರಿ ಹತ್ತಿಸಿದ್ದ. ಈಗ ನೋಡಿದರೆ ಮೈ ಮೇಲೆ ಹುಳ ಹರಿದಂತಾಯಿತು. ಅವನ ಎದೆಯಲ್ಲಿ, ಜೇಬಿದ್ದಲ್ಲಿ, ಕೆಂಡ ಇಟ್ಟಷ್ಟು ಬಿಸಿ.

ಅವ್ವ ಸಾಯುವಾಗ ಪಕ್ಕದಲ್ಲಿದ್ದವನು ಇವನು. ಅಣ್ಣ ದೂರದ ಊರಿನಲ್ಲಿ ಮರ ಇಳಿಸುತ್ತಿದ್ದ. ಕಡೆಗಾಲದಲ್ಲಿ ಅವ್ವ ಅಣ್ಣನನ್ನೇ ಕೇಳುತ್ತಿದ್ದಳು ಎಂದು ತಮ್ಮ ಅತ್ತುಕೊಂಡು ಹೇಳಿದ್ದ. ಆವತ್ತಿನಿಂದ ಆ ಮಾತೇ ಗರಗಸನಿಗೆ ಆಸರೆಯಾಗಿತ್ತು. ಈಗ ಯಾರೋ ಕಿವಿಯ ಬಳಿ ಹೇಳಿದರು: ಕೇಳಲೇ ಇಲ್ಲ. ನಿನ್ನ ಹೆಸರನ್ನೇ ಎತ್ತಲಿಲ್ಲ. ನೀನು ಬರಬಾರದೆಂದೇ ಇವನು ತಡವಾಗಿ ಹೇಳಿಕಳಿಸಿದ.

ಅವನು ಯಂತ್ರ ಚಾಲೂ ಮಾಡಿದ. ಒಂದು ಗೆಲ್ಲು ಕೊಯ್ದ. ಮತ್ತೊಂದು ಕೊಯ್ದ. "ಹೂಂ" ಎನ್ನಲಿಲ್ಲ. ಕೆಳಗಿನಿಂದಲೂ "ಹೂಂ" ಬರಲಿಲ್ಲ. ಮೂಗಿನ ತುಂಬ ಸುಟ್ಟ ಕೂದಲಿನ ವಾಸನೆ. ಬಾಯಲ್ಲಿ ತುಕ್ಕಿನ ರುಚಿ. ಒಂದು ಗೆಲ್ಲು ಬೀಳುವಾಗ ಕೆಳಗೆ ಹಿಡಿದಿದ್ದ ಹಗ್ಗ ಸಡಿಲಾಗಿ, ಅದು ಗಿರ್ರನೆ ತಿರುಗಿ ಬುಟ್ಟಿಗೆ ಬಡಿಯಿತು. ಗರಗಸ ಮುಗ್ಗರಿಸಿ ಕಂಬಿ ಹಿಡಿದುಕೊಂಡ.

"ಕೈ ಜಾರ್ತು," ಎಂದಿತು ಕೆಳಗಿನ ದನಿ. ಅದರಲ್ಲಿ ಗಾಬರಿಯಿರಲಿಲ್ಲ.

ಹಗ್ಗನ ಕೈ ಇಷ್ಟು ವರ್ಷದಲ್ಲಿ ಎಂದೂ ಜಾರಿರಲಿಲ್ಲ.

ಗರಗಸ ಮಾತಾಡದೆ ಕೊಯ್ಯುತ್ತ ಹೋದ. ಕೈಗಳು ತಾವಾಗಿಯೇ ನಡೆಯುತ್ತಿದ್ದವು. ಎಲ್ಲಿಗೆ ಬ್ಲೇಡ್ ಇಡಬೇಕು, ಎಷ್ಟು ಒತ್ತಬೇಕು, ಎಲ್ಲ ಕೈಗಳಿಗೇ ಗೊತ್ತಿತ್ತು. ಅದೊಂದು ಥರದ ಸುಖ. ಹಸಿದವನು ಉಣ್ಣುವಾಗಿನ ಸುಖ. ಯಂತ್ರದ ಎಣ್ಣೆ ನೋಡಲೆಂದು ನಿಲ್ಲಿಸಿ ತಲೆಯೆತ್ತಿದ.

ಇಸ್ತ್ರಿ ಮನೆಯ ಕಡೆಯ ಕವಲು ಬೋಳಾಗಿತ್ತು. ಪೂರ್ತಿ ಬೋಳು.

ಆಚೆಯ ಕವಲಿನಿಂದ ಅವನು ಒಂದೇ ಒಂದು ರೆಂಬೆಯನ್ನೂ ತೆಗೆದಿರಲಿಲ್ಲ. ಅದು ತನ್ನ ಅಷ್ಟೂ ಎಲೆ, ಅಷ್ಟೂ ಗೆಲ್ಲು, ಅಷ್ಟೂ ತೂಕ ಹೊತ್ತು ಗೋಡೆಯ ಕಡೆಗೆ ಜೋಲುತ್ತಿತ್ತು. ಅದು ಬೀಳುವ ಜಾಗದಲ್ಲೇ ಹಗ್ಗ ಕಟ್ಟುವ ಕಂಬ. ಅಲ್ಲೇ ತಮ್ಮ ನಿಂತಿರಬೇಕು.

ಇದನ್ನು ಮಾಡಿದ್ದು ನಾನು, ಎಂದುಕೊಂಡ. ನಾನು ಇವನನ್ನು ಕೊಲ್ಲುತ್ತಿದ್ದೇನೆ.

ಕೂಗಲು ಬಾಯಿ ತೆರೆದ. ದನಿ ಬರಲಿಲ್ಲ. ಗಂಟಲಲ್ಲಿ ಕೂದಲ ಉಂಡೆ ಸಿಕ್ಕಿಕೊಂಡಂತೆ. ಕೆಳಗೆ ನೋಡಿದ.

ಕಂಬದ ಬಳಿ ತಮ್ಮನಿರಲಿಲ್ಲ.

ಟಣ್. ಟಣ್. ಟಣ್.

ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಕಾಂಡದ ಬುಡದಿಂದ. ಗರಗಸ ಬುಟ್ಟಿಯಿಂದ ಬಾಗಿದ. ಬಿಳಿ ಬೆಡ್‌ಶೀಟುಗಳ ನಡುವೆ ತಮ್ಮ ಮಂಡಿಯೂರಿದ್ದ. ಕೈಯಲ್ಲಿ ಸುತ್ತಿಗೆ. ಸರಪಳಿ ಬಿಗಿದಿದ್ದ ಸನ್ನೆಕೋಲನ್ನು ಬಡಿಬಡಿದು ಬಿಚ್ಚುತ್ತಿದ್ದ. ಅದು ಬಿಚ್ಚಿದರೆ ಮರ ಎರಡಾಗುತ್ತದೆ. ಎರಡಾದರೆ ಬೋಳು ಕವಲು ಚಿಮ್ಮಿ ನೇರ ಬುಟ್ಟಿಗೆ ಬಡಿಯುತ್ತದೆ. ಅದನ್ನು ಅವನಿಗೆ ಕಲಿಸಿದವನು ಗರಗಸನೇ.

ತಮ್ಮ ತಲೆಯೆತ್ತಿದ. ಅವನ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು. ತುಟಿ ಮಾತ್ರ ನಗುತ್ತಿತ್ತು. ಕೈ ನಿಲ್ಲಲಿಲ್ಲ.

ಟಣ್.

ಗರಗಸ ಎದೆಯ ಜೇಬಿಗೆ ಕೈ ಹಾಕಿದ. ಬೊಂಬೆಯನ್ನು ಕಿತ್ತೆಸೆಯಬೇಕು. ಗುಂಡಿ ಹರಿದ. ಜೇಬು ಖಾಲಿ. ಬೆರಳಿಗೆ ಸಿಕ್ಕಿದ್ದು ಒಂದಿಷ್ಟು ಹುಡಿ, ಬೆಚ್ಚಗಿನ ಹುಡಿ. ಬೊಂಬೆ ಇರಲಿಲ್ಲ. ಅದು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಿಯಾಗಿತ್ತು.

ಟಣ್.

ಬುಟ್ಟಿಯನ್ನು ನಡೆಸುವ ಹಿಡಿಕೆ ಒತ್ತಿದ. ಹಿಂದಕ್ಕೆ. ಬುಟ್ಟಿ ನಿಧಾನ. ತೀರಾ ನಿಧಾನ. "ಓಡೋ!" ಗಂಟಲು ಹರಿದು ಕೂಗು ಬಂತು. "ಓಡೋ ಪಾಪಿ, ಓಡೋ!"

ಆ ಕೂಗಿಗೆ ತಮ್ಮ ಒಂದು ಗಳಿಗೆ ತಾನಾದ. ಸುತ್ತಿಗೆ ಎಸೆದ. ಸರಪಳಿಯನ್ನು ಎರಡೂ ಕೈಯಿಂದ ಹಿಡಿದ. ತಡವಾಗಿತ್ತು. ಕೊಂಡಿ ಕಳಚಿತು. ಸರಪಳಿ ಹಾವಿನಂತೆ ಸುತ್ತು ಬಿಚ್ಚಿತು. ಅವನ ಬೆರಳುಗಳ ಮೇಲೆಯೇ.

ಮರ ಕೂಗಿತು. ಸೀಳು ಬಾಯಿ ತೆರೆಯಿತು. ಒಳಗೆ ಕತ್ತಲು. ಬುಡದವರೆಗೂ ಕತ್ತಲು. ಎಲೆ ಹೊತ್ತ ಕವಲು ಗೋಡೆಯ ಮೇಲೆ ಮಗುಚಿತು. ನೆಲ ಅದುರಿತು. ಬೋಳು ಕವಲು ಬಿಲ್ಲಿನಂತೆ ಹಿಂದಕ್ಕೆ ಚಿಮ್ಮಿತು. ಗರಗಸ ಅದು ಬರುವುದನ್ನು ನೋಡಿದ. ಆಮೇಲೆ ಕಾಲಿನಲ್ಲಿ ಬಿಳಿಯ ಬೆಳಕಿನಂಥದೊಂದು ಹೊತ್ತಿಕೊಂಡಿತು.

ಧೂಳು ಇಳಿದಾಗ ಅವನು ನೆಲದಲ್ಲಿದ್ದ. ಮುರಿದ ಬುಟ್ಟಿ ಮೈಮೇಲೆ. ಒಂದು ಕಾಲು ಇದ್ದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಎದುರಿಗೆ ಗೋಡೆ ಇರಲಿಲ್ಲ. ಇಟ್ಟಿಗೆಯ ಗುಡ್ಡೆ ಇತ್ತು. ಆ ಕಡೆಯಿಂದ ಚಿಕ್ಕಮ್ಮ, ಈ ಕಡೆಯಿಂದ ದೊಡ್ಡಮ್ಮ ಓಡಿಬಂದರು. ಗುಡ್ಡೆಯ ಎರಡು ಬದಿಗೆ ಇಬ್ಬರೂ ನಿಂತರು.

"ಅಕ್ಕ, ನಿಂಗೇನೂ ಆಗ್ಲಿಲ್ಲ ತಾನೇ?" ಕೇಳಿದಳು ಚಿಕ್ಕಮ್ಮ.

"ಇಲ್ಲ ಕಣೇ. ಎಷ್ಟು ಸೊರಗಿದ್ದೀಯೇ ನೀನು," ಎಂದಳು ದೊಡ್ಡಮ್ಮ.

ಇಬ್ಬರೂ ಇಟ್ಟಿಗೆಗಳ ಮೇಲೆಯೇ ಒಬ್ಬರನ್ನೊಬ್ಬರು ತಬ್ಬಿ ಕುಸಿದು ಕೂತು, ಸಣ್ಣ ಮಕ್ಕಳ ಹಾಗೆ ಜೋರಾಗಿ ಅತ್ತರು. ಆ ಅಳುವಿನ ಆಚೆ, ಸೀಳಿದ ಬುಡದ ಇನ್ನೊಂದು ಬದಿಯಲ್ಲಿ, ರಕ್ತ ಸುರಿಯುವ ಕೈಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಮ್ಮ ನಿಂತಿದ್ದ. ಅಣ್ಣ ಬದುಕಿರುವುದನ್ನು ನೋಡಿದ. ಅವನ ಮುಖದಲ್ಲಿ ಮೂಡಿದ ನಿರಾಸೆಯನ್ನು ಗರಗಸ ಸ್ಪಷ್ಟವಾಗಿ ಕಂಡ. ತನ್ನ ಮುಖದಲ್ಲೂ ಅದೇ ಇತ್ತೆಂದು ಅವನಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ತಮ್ಮನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತಂತೆ, ಹೊಲಿಗೆ ಹಾಕಿ ಕಳಿಸಿದರಂತೆ. ಸುದ್ದಿ ಹೇಳಿದ ನರ್ಸಿಗೆ ಗರಗಸ ಒಂದೇ ಮಾತು ಕೇಳಿಕೊಂಡ. "ಅವನು ಬಂದ್ರೆ ಒಳಗೆ ಬಿಡಬೇಡಿ ಸಿಸ್ಟರ್. ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ."

"ಯಾಕಪ್ಪ, ತಮ್ಮ ನಿಂಗೇನಾದ್ರೂ ಮಾಡ್ತಾನಾ?"

"ಅವನ ಕಥೆ ಬಿಡಿ. ನನ್ನ ಕೈ ಎರಡೂ ಚೆನ್ನಾಗಿವೆ."

ಒಂದು ಮಧ್ಯಾಹ್ನ ಬಾಗಿಲಾಚೆ ಹೆಜ್ಜೆ ಸದ್ದು ಕೇಳಿತು. ಯಾರದೆಂದು ಹೇಳಬೇಕಾಗಿರಲಿಲ್ಲ. ಗರಗಸನ ಎದೆ ತುಂಬಿಬಂತು. ಆ ಕ್ಷಣವೇ ಅವನ ಬಲಗೈ ಮೇಜಿನ ಮೇಲಿದ್ದ ಗಾಜಿನ ಹೂಜಿಯ ಕುತ್ತಿಗೆ ಹಿಡಿದಿತ್ತು. ಎಡಗೈಯಿಂದ ಆ ಕೈಯನ್ನು ಹಿಡಿದು ಹಾಸಿಗೆಗೆ ಒತ್ತಿಕೊಂಡ.

"ಅಣ್ಣ," ಎಂದ ಹಗ್ಗ ಹೊರಗಿನಿಂದ. "ನಾನು ಒಳಗೆ ಬರಲ್ಲ."

"ಬರಬೇಡ."

"ಅವ್ವ ನಿನ್ನನ್ನೇ ಕೇಳ್ತಿದ್ಲು. ಆವತ್ತು ನಾ ಹೇಳಿದ್ದು ನಿಜ. ಅದೊಂದು ನಂಬು."

"ನಂಬ್ತೀನಿ." ಅವನು ನಂಬಿದ್ದ. ಹೂಜಿಯ ಮೇಲಿನ ಹಿಡಿತ ಮಾತ್ರ ಸಡಿಲಾಗಲಿಲ್ಲ.

ಬಾಗಿಲಿನ ಮರದ ಮೇಲೆ ಬಟ್ಟೆ ಸುತ್ತಿದ ಕೈ ಒರಗಿದ ಸದ್ದು. ಉಸಿರಿನ ಸದ್ದು. "ನಾನು ಬೇರೆ ಊರಿಗೆ ಹೋಗ್ತಾ ಇದೀನಿ. ಎಲ್ಲಿಗೆ ಅಂದ್ರೆ..."

"ಹೇಳ್ಬೇಡ!" ಗರಗಸ ಕಿರುಚಿದ. "ಹೇಳಿದ್ರೆ ಹುಡುಕ್ಕೊಂಡು ಬರ್ತೀನಿ ಕಣೋ. ಒಂಟಿ ಕಾಲಲ್ಲೇ ಬರ್ತೀನಿ."

ಬಟ್ಟೆ ಸುತ್ತಿದ ಕೈ ಬಾಗಿಲಿನಿಂದ ಸರಿಯಿತು. ಆಮೇಲೆ, ತೀರ ಮೆಲ್ಲಗೆ: "ಸರಿ. ನೀನೂ ನಿನ್ನ ಊರು ಯಾರಿಗೂ ಹೇಳ್ಬೇಡ."

ಹೆಜ್ಜೆಗಳು ದೂರವಾದವು. ಮೆಟ್ಟಿಲು ಇಳಿದವು. ಅಂಗಳ ದಾಟಿದವು. ಗರಗಸನ ಕಣ್ಣಿಂದ ನೀರು ಹರಿದು ಕಿವಿಗಿಳಿಯುತ್ತಿತ್ತು. ತಾನು ಅಳುತ್ತಿದ್ದೇನೆ, ತಮ್ಮನಿಗಾಗಿ ಅಳುತ್ತಿದ್ದೇನೆ ಎಂದುಕೊಂಡ. ಆದರೆ ಉಸಿರು ಬಿಗಿಹಿಡಿದು, ಕತ್ತು ನಿಗುರಿಸಿ, ಅವನು ಕಿಟಕಿಯ ಕಡೆಗೆ ಕಿವಿಗೊಟ್ಟಿದ್ದ. ಆಸ್ಪತ್ರೆಯ ಗೇಟು ಕಿರುಗುಟ್ಟಿತು. ಹೆಜ್ಜೆಗಳು ಗಳಿಗೆ ನಿಂತವು. ಮತ್ತೆ ನಡೆದವು.

ಎಡಕ್ಕೆ, ಎಂದು ಅವನೊಳಗೆ ಯಾರೋ ಗುರುತು ಹಾಕಿಕೊಂಡರು. ಬಸ್ಸುಗಳು ನಿಲ್ಲುವ ಕಡೆಗೆ.